ಸಮಾಧಿಗಳ ಮೇಲೆ ನೀವು ಬರೆದ ಗೋಪುರ

ಚಿಕ್ಕಪ್ಪ,

‘ಪ್ರೀತಿಯ’ ಎಂದು ಬರೆಯಲು ಕೈ ಬರಲಿಲ್ಲ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎಂದು ಅಮ್ಮ ಮೈಸೂರಿನಿಂದ ಫೋನಿನಲ್ಲಿ ಹೇಳುತ್ತಲೇ ಇದ್ದಾಳೆ. ನಾನು ಇಟ್ಟುಕೊಂಡಿದ್ದೇನೆ.

ಎಂಬತ್ತರ ದಶಕದ ಕೊನೆಗೆ ನನ್ನನ್ನು ಸಿಡ್ನಿಗೆ ಕರೆಸಿಕೊಂಡು ನಿಮ್ಮ ಆಫೀಸಿನಲ್ಲಿ ಕೆಲಸ ಕೊಟ್ಟಿರಿ. ಹಸಿ ಇಟ್ಟಿಗೆಯ ಹಳೆಯ ಕಟ್ಟಡಗಳನ್ನು ಮತ್ತೆ ಎತ್ತಿ ನಿಲ್ಲಿಸುವುದರಲ್ಲಿ ನಿಮಗೆ ದೊಡ್ಡ ಹೆಸರಿತ್ತು. ಕ್ಯಾಲಿಫೋರ್ನಿಯಾದಲ್ಲಿ ಸ್ಪೇನಿನ ಪಾದ್ರಿಗಳ ಕಾಲದ ಚರ್ಚೊಂದು ಭೂಕಂಪಕ್ಕೆ ಕುಸಿದು ಪಾಳುಬಿದ್ದಿತ್ತು. ಅದನ್ನು ಮರಳಿ ಕಟ್ಟುವ ನಕ್ಷೆ ನಿಮ್ಮ ಪಾಲಿಗೆ ಬಂತು. “ಮೊದಲು ಅದರ ಹಿಸ್ಟರಿ ಓದ್ಕೋ, ಆಮೇಲೆ ಡ್ರಾಯಿಂಗ್,” ಎಂದಿರಿ. ಓದಿದೆ. ಆ ಗೋಡೆಗಳ ಮಣ್ಣು ತುಳಿದವರು, ಇಟ್ಟಿಗೆ ಹೊತ್ತವರು ಅಲ್ಲಿನ ಮೂಲನಿವಾಸಿಗಳು. ದೀಕ್ಷಾಸ್ನಾನವಾದ ಮೇಲೆ ಅವರನ್ನು ತಮ್ಮ ಹಟ್ಟಿಗಳಿಗೆ ಮರಳಲು ಬಿಡುತ್ತಿರಲಿಲ್ಲ. ಓಡಿಹೋದವರನ್ನು ಹಿಡಿದು ತಂದು ಚಾಟಿಯಲ್ಲಿ ಹೊಡೆಯುತ್ತಿದ್ದರು. ದಡಾರ ಬಂದಾಗ ಮನೆಮನೆಯೇ ಖಾಲಿಯಾಯಿತು. ಇದನ್ನೆಲ್ಲ ನನಗೆ ಓದಿಸಿದವರು ನೀವೇ ಅಲ್ಲವೇ?

ಪಾಯ ಪರೀಕ್ಷಿಸಲು ಅಲ್ಲಿ ಗುಂಡಿ ತೋಡಿದವರು ಕಳಿಸಿದ ಫೋಟೋಗಳನ್ನು ನಾವಿಬ್ಬರೂ ಒಟ್ಟಿಗೆ ನೋಡಿದೆವು. ಮನುಷ್ಯರ ಮೂಳೆಗಳು. ನಾನು ನಕ್ಷೆಯಲ್ಲಿ ಆ ಜಾಗವನ್ನು ಸ್ಮಶಾನವೆಂದು ಗುರುತಿಸಿದೆ. ನೀವು ಶಾಯಿಯ ಆ ಗುರುತನ್ನು ಬ್ಲೇಡಿನಿಂದ ಕೆರೆದು ತೆಗೆದು, ಅಲ್ಲೇ ಗಂಟೆಗೋಪುರ ಬರೆದಿರಿ. ಆ ಚರ್ಚಿಗೆ ಯಾವ ಕಾಲದಲ್ಲೂ ಗೋಪುರ ಇರಲಿಲ್ಲ.

“ಟೂರಿಸ್ಟ್‌ಗಳಿಗೆ ಟವರ್ ಬೇಕು ಕಣೇ. ಚರ್ಚ್ ಕಟ್ಟಿಸ್ತಿರೋ ಕಮಿಟಿನೂ ಅದನ್ನೇ ಕೇಳ್ತಿದೆ.”

“ಕೆಳಗೆ ಜನ ಮಲಗಿದಾರೆ ಚಿಕ್ಕಪ್ಪ.”

“ಯಾವ ಕಾಲದೋರೋ ಏನೋ. ಅವರನ್ನ ಕೇಳೋರು ಯಾರಿದಾರೆ?”

ಕೇಳುವವರು, ಆ ಚರ್ಚಿನ ಬಗ್ಗೆ ನೀವು ಮಾತಾಡಿದ ಮೆಲ್ಬರ್ನಿನ ಸಮ್ಮೇಳನಕ್ಕೇ ಬಂದರು. ನಿಮ್ಮ ಸ್ಲೈಡ್‌ಗಳು ಮುಗಿದಾಗ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದಳು. ಕ್ಯಾಲಿಫೋರ್ನಿಯಾದಿಂದ ಬಂದವಳು, ಆ ಚರ್ಚಿಗೆ ಇಟ್ಟಿಗೆ ಹೊತ್ತ ಮೂಲನಿವಾಸಿಗಳ ವಂಶದವಳು. ತನ್ನ ಹಿರಿಯರ ಸಮಾಧಿಗಳು ಎಲ್ಲಿ ಎಂದು ಕೇಳಿದಳು. ಅಂಥದ್ದಕ್ಕೆ ಆಧಾರವೇ ಇಲ್ಲ ಎಂದು ನೀವು ನಗುನಗುತ್ತಲೇ ಹೇಳಿದಿರಿ. ಅಷ್ಟು ಸಲೀಸಾಗಿ ಸುಳ್ಳು ಹೇಗೆ ಬಂತು? ನಾನು ಎದ್ದು, ಮೂಳೆಗಳ ಫೋಟೋ ನಾವಿಬ್ಬರೂ ನೋಡಿದ್ದೇವೆ ಎಂದೆ. ಹೊರಗೆ ಕಾರಿಡಾರಿನಲ್ಲಿ ನೀವು ಹೇಳಿದ್ದು ಒಂದೇ ಮಾತು: “ಸಿಡ್ನಿಗೆ ವಾಪಸ್ ಬರಬೇಡ.”

ಬರಲಿಲ್ಲ. ಮೆಲ್ಬರ್ನಿನಲ್ಲೇ ರೂಮು ಹಿಡಿದು ಬೇರೆ ಕೆಲಸ ಹುಡುಕಿಕೊಂಡೆ. ನೀವು ಸಿಡ್ನಿಯ ಕನ್ನಡದವರ ಮನೆಮನೆಗೂ ಹೋಗಿ, ಅನ್ನ ಹಾಕಿದವರಿಗೆ ದ್ರೋಹ ಬಗೆದವಳು ಎಂದು ಹೇಳಿಕೊಂಡು ಬಂದಿರಿ. ಕೊನೆಗೆ ನಿಮ್ಮನ್ನು ನೋಡಲು ನಾನು ಆಸ್ಪತ್ರೆಗೆ ಬಂದಾಗಲೂ ನೀವು ಗೋಡೆಯ ಕಡೆ ಮುಖ ತಿರುಗಿಸಿಕೊಂಡು... ಇರಲಿ.

ನಿಮಗೆ ಗೊತ್ತಾಗದೆ ಹೋದ ಸುದ್ದಿ ಇದು. ಆ ಹೆಂಗಸೂ ಅವಳ ಜನರೂ ಕಮಿಟಿಯ ಎದುರು ಪಟ್ಟುಹಿಡಿದು ಕೂತು ಗೋಪುರವನ್ನು ಕೈಬಿಡಿಸಿದರು. ನಾನೂ ಅಲ್ಲಿಗೆ ಹೋಗಿ, ಮೂಳೆಗಳ ಫೋಟೋ ನೋಡಿದ್ದೆನೆಂದು ಸಾಕ್ಷಿ ಹೇಳಿದೆ. ಚರ್ಚು ಈಗ ಮೊದಲಿದ್ದಷ್ಟೇ ಎತ್ತರಕ್ಕೆ ಎದ್ದಿದೆ, ಪಕ್ಕದ ನೆಲವನ್ನು ಯಾರೂ ಮುಟ್ಟಿಲ್ಲ. ಉದ್ಘಾಟನೆಯ ದಿನ ಅವರಲ್ಲಿ ಹಲವರು ಚರ್ಚಿನೊಳಗೆ ಕಾಲಿಡಲಿಲ್ಲವಂತೆ. ಆ ನೆಲದ ಮೇಲೆ ನಿಂತು ತಮ್ಮ ಭಾಷೆಯಲ್ಲಿ ಹಾಡಿದರಂತೆ.

ಬರುವ ತಿಂಗಳು ನಿಮ್ಮ ತಿಥಿ. “ಬಾರೇ, ಅವರ ಬಗ್ಗೆ ಎರಡು ಒಳ್ಳೆ ಮಾತಾಡು,” ಎಂದು ಚಿಕ್ಕಮ್ಮ ಫೋನ್ ಮಾಡಿದ್ದರು. ಬರುತ್ತೇನೆ. ಎಲ್ಲರ ಜೊತೆ ಕೂತು ಊಟವನ್ನೂ ಮಾಡುತ್ತೇನೆ. ಆಮೇಲೆ ಎದ್ದು ನಿಂತು ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ. ಚಿಕ್ಕಮ್ಮ ಎದ್ದು ಒಳಗೆ ಹೋದರೂ ನಿಲ್ಲಿಸುವುದಿಲ್ಲ.

ನಿಮ್ಮ ಅಣ್ಣನ ಮಗಳು