ಸದ್ದಿಲ್ಲದ ಪಂಪು

ಅಪ್ಪಾ,

ನೀನು ಹೋದ ಮೇಲೆ ನಿನ್ನ ಮೀನಿನ ತೊಟ್ಟಿಯ ಗಾಳಿ ಪಂಪು ಇವತ್ತು ಮೊದಲ ಸಲ ನಿಂತುಹೋಯಿತು. ಬಿಚ್ಚಿ ನೋಡಿದರೆ, ನೀನು ಸೈಕಲ್ ಟ್ಯೂಬಿನಲ್ಲಿ ಕತ್ತರಿಸಿ ಕೂರಿಸಿದ್ದ ರಬ್ಬರ್ ಬಿಲ್ಲೆ ಹರಿದಿತ್ತು. ನಾನು ಹಳೆಯ ರಬ್ಬರ್ ಗ್ಲೌಸ್ ಕತ್ತರಿಸಿ ಹೊಸದನ್ನು ಮಾಡಿ ಹಾಕಿದೆ. ಗುಳ್ಳೆಗಳೆದ್ದು ಮೀನುಗಳು ಚೇತರಿಸಿಕೊಂಡವು. ನಿನ್ನ ಬಿಲ್ಲೆಯ ಹಾಗೆ ಗೊರಗೊರ ಸದ್ದೂ ಇಲ್ಲ. ನನಗೆ ಹೆಮ್ಮೆಯೇ ಆಯಿತು.

ಅಡುಗೆಮನೆಯಿಂದ ಅಮ್ಮ ಓಡಿ ಬಂದಳು. "ಇನ್ನೂ ಸರಿ ಹೋಗಿಲ್ವಾ?"

"ಸರಿಯಾಯ್ತಲ್ಲಮ್ಮಾ, ನೋಡು."

"ಮತ್ತೆ ಮನೆ ಯಾಕೆ ಹೀಗೆ ಬಿಕೋ ಅಂತಿದೆ?"

ಆ ಸದ್ದಿಗಾಗಿ ದಿನಾ ನಿನ್ನ ಜೊತೆ ಜಗಳವಾಡುತ್ತಿದ್ದವಳು ಇವಳೇ. ಹಾಕಿದ ಹೊಸ ಬಿಲ್ಲೆಯನ್ನು ಮತ್ತೆ ಬಿಚ್ಚಿ ತೆಗೆದೆ. ಈಗ ಎದುರಿಗೆ ಹಳೆಯ ಸೈಕಲ್ ಟ್ಯೂಬು, ಕತ್ತರಿ ಇಟ್ಟುಕೊಂಡು ಕೂತಿದ್ದೇನೆ. ಪಂಪನ್ನು ರಿಪೇರಿ ಮಾಡುತ್ತಿದ್ದೇನೋ ಕೆಡಿಸುತ್ತಿದ್ದೇನೋ ಗೊತ್ತಾಗುತ್ತಿಲ್ಲ. ಅಮ್ಮ ಮಾತ್ರ ಪಕ್ಕದಲ್ಲೇ ಕೂತು, "ಇನ್ನೂ ಸ್ವಲ್ಪ ದಪ್ಪ ಇರ್ಲಿ" ಅನ್ನುತ್ತಿದ್ದಾಳೆ.