ಒರೆಯೊಳಗಿನ ಜಿಂಕೆ

ಅಂಗಡಿಯ ಮೇಲಿನ ಮನೆ,
ಮಾರ್ಚ್ ೯, ಭಾನುವಾರ

ಪ್ರೀತಿಯ ಎಡಚನಿಗೆ,

ಈ ಮನೆಯ ಹಿರಿಸೊಸೆ, ನಿನ್ನ ಅತ್ತಿಗೆ, ಮಾಡುವ ಆಶೀರ್ವಾದಗಳು. ನೀನು ಹೋದ ಮೇಲೆ ಅಂಗಡಿಯ ಬೀಗದ ಕೈ ನನ್ನ ಸೊಂಟಕ್ಕೆ ಬಂತು, ಇವತ್ತಿಗೂ ಅಲ್ಲೇ ಇದೆ. ಚರ್ಮ ಆರಿಸುವುದು, ಆಳುಗಳನ್ನು ಇಟ್ಟುಕೊಳ್ಳುವುದು, ಕಳಿಸುವುದು, ಎಲ್ಲವೂ ನನ್ನ ಮಾತಿನಂತೆಯೇ ನಡೆಯುತ್ತದೆ. ಆದ್ದರಿಂದ ಈ ಪತ್ರದಲ್ಲಿರುವುದು ಯಾರೋ ಹೆಂಗಸಿನ ಕನಿಕರವಲ್ಲ, ಮನೆಯ ಮಾತು ಎಂದು ತಿಳಿದು ಓದು.

ನಿನ್ನ ಆರೋಗ್ಯ ಹೇಗಿದೆ? ಚಳಿ ಹಿಡಿದರೆ ಬರುತ್ತಿದ್ದ ಆ ಕೆಮ್ಮು ಹೋಯಿತೇ? ನನ್ನ ವಾರಗಿತ್ತಿಯ ಮಂಡಿನೋವಿಗೆ ಏನು ಮಾಡಿಸುತ್ತಿದ್ದೀರಿ? ಅವಳಿಗೆ ನೆಲದ ಮೇಲೆ ಕೂತು ಕೆಲಸ ಮಾಡಬೇಡ ಅಂತ ಹೇಳು. ಹೇಳಿದರೆ ಕೇಳುವವಳಲ್ಲ, ಆದರೂ ಹೇಳು. ನಿಮ್ಮಣ್ಣನಿಗೆ ಬಲಗೈ ನಡುಗುತ್ತದೆ. ದಿನವೂ ಬೆಂಚಿನ ಮುಂದೆ ಕೂರುತ್ತಾರೆ, ಆದರೆ ಹೊಲಿಯುವುದನ್ನು ಬಿಟ್ಟು ಬಹಳ ದಿನವಾಯಿತು. ಕೆಲಸಗಾರರಿಗೆ ತಪ್ಪು ತೋರಿಸುವುದೇ ಈಗ ಅವರ ಕೆಲಸ.

ಈಗ ವಿಷಯಕ್ಕೆ ಬರುತ್ತೇನೆ. ನಿಮ್ಮಪ್ಪನ ಬೇಟೆಯ ಚಾಕು. ಮಾವನವರು ಬೇಟೆ ಬಿಟ್ಟ ಮೇಲೆ, ತಾವೇ ಹೊಲಿದ ಒರೆಯೊಳಗೆ ಅದನ್ನು ಸೇರಿಸಿ ಬೆಂಚಿನ ಮೇಲಿನ ಮೊಳೆಗೆ ತಗುಲಿಹಾಕಿದರು. ನಮ್ಮ ಅಂಗಡಿಯ ಕೈಕೆಲಸ ಎಂಥದು ಎಂದು ಬಂದವರಿಗೆಲ್ಲ ಆ ಒರೆಯನ್ನೇ ತೋರಿಸುತ್ತಿದ್ದರು. ಅಲಗಿನ ಬುಡದಲ್ಲಿ ಜಿಂಕೆಯ ತಲೆಯ ಮುದ್ರೆ ಇದೆ, ಹೆಸರಾಂತ ಕೈ ಮಾಡಿದ ಚಾಕು ಅದು ಎಂದೂ ಹೇಳುತ್ತಿದ್ದರು. ಅವರು ತೀರಿಕೊಂಡಾಗ ನಿಮ್ಮಣ್ಣ ಅಂಗಡಿಯ ಮುಂದೆ ನೆರೆದವರಿಗೆ ತೋರಿಸಲೆಂದು ಅದನ್ನು ಎಳೆದರು. ಜಿಂಕೆ ಇರಲಿಲ್ಲ. ಆ ಜಾಗ ಕಪ್ಪಾಗಿ, ಅರದಿಂದ ಉಜ್ಜಿದ ಹಾಗೆ ಒರಟಾಗಿತ್ತು. ಹಿಂದಿನ ವಾರ ಸಾಣೆಗೆ ಅದನ್ನು ಕೆಳಗಿಳಿಸಿದವನು ನೀನು. ನಾನು ತೆಗೆದಾಗಲೇ ಹಾಗಿತ್ತಣ್ಣಾ ಅಂದೆ. ಅಪ್ಪನ ಚಾಕು ಮಾರ್ಕೊಂಡು ಯಾವುದೋ ಗುಜರಿ ತಂದು ಒರೆಗೆ ತುರುಕಿದ್ದೀಯಾ, ಕಳ್ಳಾ, ಅಂದರು ಅವರು, ಬೀದಿಗೆಲ್ಲ ಕೇಳುವ ಹಾಗೆ. ನೀನು ಉಟ್ಟ ಬಟ್ಟೆಯಲ್ಲೇ ಹೆಂಡತಿಯನ್ನು ಕರೆದುಕೊಂಡು ಹೋದೆ.

ಅಂದು ನಾನು ಬಾಯಿ ಬಿಡಲಿಲ್ಲ. ಸಾಕ್ಷಿಯಿಲ್ಲದೆ ನಿನ್ನನ್ನು ಕಳ್ಳನೆನ್ನಲೂ ಇಲ್ಲ, ಸಾಕ್ಷಿಯಿಲ್ಲದೆ ಗಂಡನನ್ನು ಸುಳ್ಳನೆನ್ನಲೂ ಇಲ್ಲ. ಇವತ್ತಾಗಿದ್ದರೂ ನಾನು ಹಾಗೆಯೇ ಮಾಡುತ್ತಿದ್ದೆ. ಆದರೆ ಆ ಚಾಕುವನ್ನು ಗುಜರಿಗೆ ಎಸೆಯಲು ಹೊರಟವರ ಕೈಯಿಂದ ಕಿತ್ತುಕೊಂಡು, ಒರೆಯನ್ನು ಬೇರೆ, ಅಲಗನ್ನು ಬೇರೆ ಸುತ್ತಿ ನನ್ನ ಪೆಟ್ಟಿಗೆಯಲ್ಲಿಟ್ಟವಳು ನಾನೇ.

ಕಳೆದ ತಿಂಗಳು ಒಬ್ಬ ಕಣ್ಣಿನ ಡಾಕ್ಟರು ಬಂದರು. ಹಳೆಯ ಚಾಕು ಕೂಡಿಡುವ ಹುಚ್ಚು ಅವರಿಗೆ. ಎಣ್ಣೆಬಟ್ಟೆಯಲ್ಲಿ ಸುತ್ತಿದ್ದ ಒಂದನ್ನು ಬಿಚ್ಚಿ, ಇದಕ್ಕೊಂದು ಒರೆ ಬೇಕು ಅಂದರು. ನೋಡಿದ ಕೂಡಲೇ ನನಗೆ ಗುರುತು ಸಿಕ್ಕಿತು. ಚರ್ಮದ ಬಿಲ್ಲೆಗಳನ್ನು ಒಂದರ ಮೇಲೊಂದು ಪೋಣಿಸಿ ಮಾಡಿದ ಅದೇ ಹಿಡಿ, ಅಲಗಿನ ಬೆನ್ನಿನುದ್ದಕ್ಕೂ ಅದೇ ಗೀರು, ಹಿಡಿಯ ತುದಿಗೆ ಅದೇ ಹಿತ್ತಾಳೆ ಟೋಪಿ. ಬುಡದಲ್ಲಿ ಜಿಂಕೆ. ನಮ್ಮದನ್ನು ತಂದು ಪಕ್ಕದಲ್ಲಿಟ್ಟೆ. ಅವರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿ, ಇದನ್ನ ಮೊದಲು ಒರೆಯಲ್ಲೇ ಇಟ್ಟಿದ್ರಾ ಅಮ್ಮಾ, ಎಂದು ಕೇಳಿದರು. ಇನ್ನೆಲ್ಲಿಡೋದು, ತಲೆದಿಂಬಿನ ಕೆಳಗಾ ಅಂದೆ. ಚರ್ಮ ಹದ ಮಾಡೋಕೆ ಹಾಕೋ ರಸ ಉಕ್ಕನ್ನ ತಿನ್ನುತ್ತೆ, ಒರೆ ಇರೋದು ಒಯ್ಯೋಕೆ, ವರ್ಷಗಟ್ಟಲೆ ಇಡೋಕಲ್ಲ ಅಂದರು. ಒರೆ ಮಾರುವ ಅಂಗಡಿಯೊಳಗೆ ನಿಂತು ಆಡುವ ಮಾತೇ ಅದು! ಎದ್ದು ಹೋಗಿ ಅನ್ನುವಷ್ಟು ಸಿಟ್ಟು ಬಂತು. ಆದರೆ ಅವರೇ ಅಲಗನ್ನು ಬೆಳಕಿಗೆ ಓರೆಯಾಗಿ ಹಿಡಿದು, ಆ ಕಪ್ಪಿನ ಅಂಚಿನಲ್ಲಿ ಉಳಿದಿದ್ದ ಒಂದು ಸಣ್ಣ ಗೆರೆ ತೋರಿಸಿದರು. ಡಾಕ್ಟರ ಚಾಕುವಿನ ಜಿಂಕೆಗೆ ಕೊಂಬಿನ ತುದಿ ಎಲ್ಲಿತ್ತೋ ಅಲ್ಲೇ.

ಒಂದು ಗೆರೆ ನಂಬಿ ನಿಮ್ಮಣ್ಣನ ಮುಂದೆ ನಿಲ್ಲುವವಳಲ್ಲ ನಾನು. ಮಾವನವರು ಒರೆ ಮಾಡುವ ಕ್ರಮ ನಿನಗೆ ಗೊತ್ತು: ಚರ್ಮ ನೆನೆಸಿ, ಚಾಕುವಿನ ಮೇಲೇ ಒತ್ತಿ ಒತ್ತಿ ಕೂರಿಸಿ, ಅದರ ಮೈ ಇದಕ್ಕೆ ಬರುವ ತನಕ ಒಣಗಿಸುವುದು. ಹಾಗಿದ್ದ ಮೇಲೆ ಜಿಂಕೆಯ ಅಚ್ಚು ಒಳಗೆ ಇರಲೇಬೇಕಲ್ಲ? ಮರುದಿನ ಅಂಗಡಿ ತೆರೆದ ಕೂಡಲೇ ನಿಮ್ಮಣ್ಣನ ಎದುರಿಗೆ ಕೂತು ಹೊಲಿಗೆಗೆ ಉಳಿ ಹಚ್ಚಿದೆ. ಅಪ್ಪನ ಹೊಲಿಗೆ ಬಿಚ್ಚಬೇಡ ಅಂತ ಕೂಗಿದರು. ಅಪ್ಪನ ಮಗನನ್ನೇ ಕಿತ್ತು ಹಾಕಿದಿರಿ, ಹೊಲಿಗೆ ಯಾವ ಲೆಕ್ಕ ಅಂದೆ.

ಒರೆ ಪುಸ್ತಕದಂತೆ ತೆರೆದುಕೊಂಡಿತು. ಒಳಗೆ ಜಿಂಕೆ ಇತ್ತು. ಚರ್ಮದಲ್ಲಿ ಉಬ್ಬಿ ನಿಂತು, ಅಚ್ಚು ಯಾವಾಗಲೂ ತಿರುವುಮುರುವಾಗಿ ಬೀಳುವ ಹಾಗೆ, ಒರೆಗೆಂದು ಡಾಕ್ಟರು ಬಿಟ್ಟುಹೋಗಿದ್ದ ಚಾಕುವಿನ ಜಿಂಕೆಗೆ ಬೆನ್ನು ತಿರುಗಿಸಿ, ಆ ಕಡೆ ನೋಡುತ್ತಿತ್ತು. ಅಷ್ಟಕ್ಕೇ ಸೋಲುವವರೇ ನಿಮ್ಮಣ್ಣ? ಒರೆಯಲ್ಲಿ ಜಿಂಕೆ ಚಾಕು ಇತ್ತು ಅಂತಾಯ್ತು, ಅದು ಇದೇ ಅಂತ ಹೇಗೆ ಅಂದರು. ಸರಿಯಾದ ಪ್ರಶ್ನೆಯೇ. ಅಲಗನ್ನು ಒರೆಯ ಮೇಲೆ ಮಲಗಿಸಿದೆ. ಚರ್ಮದಲ್ಲಿ ಎಲ್ಲೆಲ್ಲಿ ತುಕ್ಕಿನ ಕಲೆ ಇಳಿದಿತ್ತೋ ಅಲ್ಲಲ್ಲೇ ಅಲಗಿಗೆ ಗುಳಿ ಬಿದ್ದಿತ್ತು, ಒಂದಕ್ಕೊಂದು ಕೂತವು, ಹಲ್ಲಿಗೆ ಹಲ್ಲು ಕೂತ ಹಾಗೆ. ವಾರದೊಳಗೆ ತುರುಕಿದ ಗುಜರಿ ಅಷ್ಟು ಆಳಕ್ಕೆ ಕಲೆ ಇಳಿಸುತ್ತದೆಯೇ? ನಿಮ್ಮಣ್ಣ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ನಮ್ಮ ಚರ್ಮವೇ ತಿಂದಿದ್ದು, ಅಂದರು. ಅಷ್ಟೇ.

ನಿನ್ನನ್ನು ಕಳ್ಳನೆಂದದ್ದು ಅಂಗಡಿಯ ಮುಂದೆ, ಬೀದಿಯ ಎದುರಿಗೆ. ಹಾಗಾಗಿ ಬಿಚ್ಚಿದ ಒರೆಯನ್ನು ಹಾಗೇ ಹಲಗೆಗೆ ಹೊಡೆದು ಅಂಗಡಿಯ ಬಾಗಿಲಲ್ಲಿ ಹಾಕಿಸಿದ್ದೇನೆ. ಇದೇನು ಎಂದು ಕೇಳಿದವರಿಗೆ ನಿಮ್ಮಣ್ಣನೇ ಹೇಳಬೇಕೆಂದು ಹೇಳಿದ್ದೇನೆ. ಹೇಳುತ್ತಿದ್ದಾರೆ. ಮೊದಲ ದಿನ ಗೊಣಗಿದರು, ಈಗ ಬೀದಿಗೆಲ್ಲ ಕೇಳುವ ಹಾಗೆ ಹೇಳುತ್ತಾರೆ.

ಬಾ ಎಂದು ಕರೆಯುವ ಪತ್ರವಲ್ಲ ಇದು. ನಿನ್ನ ಮನೆಗೆ ಬರಲು ನಿನಗೆ ಕರೆ ಬೇಕಾಗಿಲ್ಲ. ವಾರಗಿತ್ತಿಗೆ ನನ್ನ ಆಶೀರ್ವಾದ ತಿಳಿಸು. ಕೆಮ್ಮಿಗೆ ಔಷಧಿ ತಪ್ಪಿಸಬೇಡ.

ಇಂತು,
ನಿನ್ನ ಅತ್ತಿಗೆ

ಮರೆತ ಮಾತು: ಚಾಕುವನ್ನು ನಿನ್ನೆಯೇ ಪಾರ್ಸೆಲ್ ಮಾಡಿಸಿದ್ದೇನೆ, ಇನ್ನು ಅದು ನಿನ್ನದು. ಎಣ್ಣೆಬಟ್ಟೆಯಲ್ಲೇ ಇರಲಿ, ಒರೆ ಮಾಡಬೇಡ. ಪಾರ್ಸೆಲಿನ ಮೇಲೆ ಹೊಲಿದಿರುವ ಬಟ್ಟೆಯನ್ನು ಅವಸರದಲ್ಲಿ ಕತ್ತರಿಸಬೇಡ, ಮೊದಲು ಹೊಲಿಗೆ ನೋಡು. ವಕ್ರವಾಗಿದೆ, ನಾನು ಹೊಲಿದದ್ದಲ್ಲ. ಕೊನೆಯಲ್ಲಿ ಎರಡು ಹೊಲಿಗೆ ಹಿಂದಕ್ಕೆ ಬಂದರೆ ಸಾಕು ಕಣೋ, ಮೂರು ಯಾಕೆ, ಅಲ್ಲೇನು ಮನೆ ಕಟ್ತೀಯಾ ಎಂದು ಮಾವನವರು ಯಾರನ್ನು ಗೇಲಿ ಮಾಡುತ್ತಿದ್ದರು, ನೆನಪಿದೆಯಲ್ಲ? ಈಗಲೂ ಮೂರೇ.