ಅರವತ್ತೊಂದನೇ ಕಾರ್ಡು

ಫೆಬ್ರವರಿ 10, ಬೆಳಿಗ್ಗೆ

ಹೊಸ ಸ್ಲೀವ್ ಬಂದಿವೆ. ಕಡುನೀಲಿ, ಮೂಲೆಯಲ್ಲಿ ಸಣ್ಣದೊಂದು ಹಕ್ಕಿ. ಅಂಗಡಿಯ ಗುರುತು. ಒಂದೊಂದೇ ಕಾರ್ಡಿಗೆ ಈ ಪ್ಲಾಸ್ಟಿಕ್ ಅಂಗಿ ತೊಡಿಸಿ ಮುಗಿಸುವಷ್ಟರಲ್ಲಿ ಚಹಾ ಆರಿಹೋಯಿತು. ಅರವತ್ತು ಕಾರ್ಡು, ಪ್ರತಿಯೊಬ್ಬರೂ ತಾವೇ ಆರಿಸಿ ತರುವ ಡೆಕ್ಕು; ಒಂದು ಹೆಚ್ಚಾದರೂ ಕಡಿಮೆಯಾದರೂ ಆಡುವಂತಿಲ್ಲ. ಎರಡು ಸಲ ಎಣಿಸಿದೆ.

ಮೇಷ್ಟ್ರಿಗೂ ಇದೇ ಸ್ಲೀವ್. ಅಂಗಡಿಯ ಯಜಮಾನಿ ಒಗಾಕಿ ಅಕ್ಕನ ಅಪ್ಪಣೆ. "ಇಬ್ರೂ ಇದನ್ನೇ ಹಾಕಿ ಆಡ್ಬೇಕು. ಸಂಬಳ ಏನು ಧರ್ಮಕ್ಕೆ ಕೊಡ್ತಿದೀನಾ?" ಅಂಗಡಿಯ ಹೆಸರಲ್ಲಿ ಆಡುವವರು ನಾವಿಬ್ಬರೇ. ಮೇಷ್ಟ್ರು ಅಂದರೆ ಶಿಗಿಹಾರಾ ಅವರು. ನಮ್ಮ ನಿಪ್ಪೊಂಬಾಶಿ ಪೇಟೆಯ ಕಾರ್ಡಿನ ಅಂಗಡಿಗಳಲ್ಲಿ ಅವರನ್ನು ಹೆಸರಿಟ್ಟು ಕರೆಯುವವರೇ ಇಲ್ಲ. ನನಗೆ ಹತ್ತೊಂಬತ್ತಿದ್ದಾಗ ಕಾರ್ಡು ಕಲಸುವುದನ್ನು ಹೇಳಿಕೊಟ್ಟವರು. ಈಗ ಅವರಿಗೆ ನಲವತ್ಮೂರು.

ಭಾನುವಾರ ನಗೋಯಾ. ಸೀಸನ್ನಿನ ಕೊನೆಯ ಪಂದ್ಯ. ಮೊದಲ ಎಂಟು ಜನ ಆಗಸ್ಟಿನಲ್ಲಿ ಯೊಕೊಹಾಮಾಕ್ಕೆ, ವಿಶ್ವಪಂದ್ಯಕ್ಕೆ. ಯೊಕೊಹಾಮಾಕ್ಕೆ ಹೋದವರಿಗೆ ಮಾತ್ರ ಅಂಗಡಿಯ ಸಂಬಳ ಮುಂದುವರಿಯುತ್ತದೆ. ಮೇಷ್ಟ್ರು ಹೆಂಡತಿಗೆ ಮಾತು ಕೊಟ್ಟಿದ್ದಾರೆ — ಈ ಸಲ ಆಗದಿದ್ದರೆ ಆಟಕ್ಕೆ ಕೈಮುಗಿದು ಸಕಾಯಿಗೆ ಹೋಗಿ ಆಕೆಯ ಅಣ್ಣನ ಕಡಲಪಾಚಿ ಅಂಗಡಿಯಲ್ಲಿ ಕೂರುವುದು.

ಇಷ್ಟೆಲ್ಲ ತಲೆಯ ಮೇಲಿದ್ದರೂ ಅವರ ಡೆಕ್ಕಿನಲ್ಲಿ ಇನ್ನೂ ಆ 'ಸೇತುವೆಯ ಮುದುಕಿ'. ಹದಿನೈದು ವರ್ಷ ಹಳೆಯ ಕಾರ್ಡು. ಯಾರೂ ಆಡುವುದಿಲ್ಲ, ಯಾವ ಅಂಗಡಿಯವರೂ ಇಟ್ಟುಕೊಳ್ಳುವುದಿಲ್ಲ.

"ಮೇಷ್ಟ್ರೇ, ಆ ಮುದುಕಿಗೆ ಪಿಂಚಣಿ ಕೊಟ್ಟು ಕಳಿಸಬಾರ್ದಾ?"

"ಮುದುಕಿ ಕೆಮ್ತಾ ಕೂತಿರೋ ಮನೇಗೆ ಕಳ್ಳ ನುಗ್ಗಲ್ಲ ಕಣೇ."

ಅಂಗಡಿಯಿಂದ ಹೊರಡುವಾಗ ಅವರದು ಮಾಮೂಲಿ ಪಾಠ. "ಮೇಜಿಂದ ಏಳೋ ಮುಂಚೆ—"

"ಎಣಿಸ್ಬೇಕು. ಎಂಟು ವರ್ಷದಿಂದ ಕೇಳ್ತಿದೀನಿ."

"ಕೇಳೋದು ಬೇರೆ."

ಫೆಬ್ರವರಿ 13, ನಗೋಯಾ, ಏಳನೇ ರೌಂಡ್ ಆದ ಮೇಲೆ

ಹೆಂಗಸರ ಟಾಯ್ಲೆಟ್ಟಿನಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದೇನೆ. ಬರೆಯುವುದಕ್ಕೂ ಅಳುವುದಕ್ಕೂ ಇದೊಂದೇ ಜಾಗ.

ಇನ್ನೂರು ಜನರಲ್ಲಿ ಮೇಷ್ಟ್ರೇ ಎದುರು ಬರಬೇಕಿತ್ತಾ.

ಗೆದ್ದೆ. ಬೇರೆ ದಾರಿ ಇರಲಿಲ್ಲ, ಕೈಗೆ 'ಸೆಳೆತ' ಬಂದಿತ್ತು. ಎದುರಾಳಿಯ ಒಂದು ಕಾರ್ಡನ್ನು ಆ ಆಟದ ಮಟ್ಟಿಗೆ ನನ್ನ ಕಡೆಗೆ ಎಳೆದುಕೊಳ್ಳುವುದು. ಮುದುಕಿಯನ್ನೇ ಎಳೆದೆ. ಅವಳಿಲ್ಲದೆ ಅವರ ಕೋಟೆ ನಿಲ್ಲುವುದಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಎರಡೇ ಸರದಿಯಲ್ಲಿ ಮುಗಿಯಿತು. ಅವರೇ ಮೊದಲು ತಲೆ ಬಾಗಿಸಿ ವಂದನೆ ಹೇಳಿದರು. ಕಿವಿ ಕೆಂಪಾಗಿತ್ತು. ಆ ಕಿವಿಯನ್ನು ನೋಡಲಾಗಲಿಲ್ಲ. ಮೇಜಿನ ಮೇಲಿದ್ದದ್ದನ್ನೆಲ್ಲ ಎರಡೂ ಕೈಯಲ್ಲಿ ಬಾಚಿ ಡಬ್ಬಿಗೆ ತುಂಬಿ ಓಡಿಬಂದೆ.

ಇನ್ನೂ ಒಂದು ರೌಂಡ್ ಇದೆ. ಅದನ್ನು ಗೆದ್ದರೆ ಅವರೂ ಎಂಟರೊಳಗೆ ಬರುತ್ತಾರೆ, ನಾನೂ. ದೇವರೇ, ಇಬ್ಬರನ್ನೂ

ಅವರ ಧ್ವನಿ. ಬಾಗಿಲಾಚೆ.

"ತೋಕಿವಾ, ಒಳಗಿದೀಯೇನೇ?"

ಬಾಗಿಲ ಕೆಳಗಿನ ಸಂದಿಯಲ್ಲಿ ಬೂಟು ಕಾಣಬಾರದೆಂದು ಕಾಲೆರಡನ್ನೂ ಮೇಲೆತ್ತಿ ಕೂತೆ.

"ಒಂದೇ ನಿಮಿಷ. ಬಂದು ಹೋಗೇ."

ಈಗ ಆಚೆ ಹೋದರೆ ಬೆನ್ನು ತಟ್ಟುತ್ತಾರೆ. ಚೆನ್ನಾಗಿ ಆಡಿದೆ ಅನ್ನುತ್ತಾರೆ. ಅದನ್ನು ತಡೆದುಕೊಳ್ಳುವ ಶಕ್ತಿ ನನಗಿಲ್ಲ.

ಆಮೇಲೆ, "ಸರಿ ಬಿಡು." ಹೆಜ್ಜೆ ಸದ್ದು ದೂರವಾಯಿತು. ರೌಂಡ್ ಕರೆಯುತ್ತಿದ್ದಾರೆ.

ಅದೇ ದಿನ, ಸಂಜೆ, ರೈಲಿನಲ್ಲಿ

ನಾನು ಏಳನೆಯವಳು. ಯೊಕೊಹಾಮಾ.

ಮೇಷ್ಟ್ರು ಇಲ್ಲ. ಕೊನೆಯ ರೌಂಡನ್ನು ಆಡಲೇ ಇಲ್ಲವಂತೆ. ಆಟ ಶುರುವಾಗುತ್ತಿದ್ದಂತೆ ತಾವೇ ಕೈ ಎತ್ತಿ ಜಡ್ಜ್ ಕರೆದು, ತಮ್ಮ ಡೆಕ್ಕಿನಲ್ಲಿ ಒಂದು ಕಾರ್ಡು ಕಡಿಮೆ ಇದೆ ಅಂದರಂತೆ. ಎಲ್ಲಿ ಹೋಯಿತೆಂದು ಕೇಳಿದ್ದಕ್ಕೆ, "ಎಲ್ಲೋ ಬೀಳಿಸ್ಕೊಂಡೆ" ಎಂದರಂತೆ. ಮೊದಲೇ ಬರೆದುಕೊಟ್ಟ ಪಟ್ಟಿಯಲ್ಲಿರುವ ಅದೇ ಕಾರ್ಡನ್ನು ತರಲು ಹತ್ತು ನಿಮಿಷ ಟೈಮ್ ಕೊಟ್ಟರು. ಹಾಲ್‌ನಲ್ಲಿದ್ದ ಎಲ್ಲ ಮಳಿಗೆಗಳಿಗೂ ಓಡಿದರಂತೆ. ಸಾವಿರ ಸಾವಿರ ಯೆನ್ನಿನ ಕಾರ್ಡು ಬೇಕಾದಷ್ಟಿದ್ದವು. ಕಳೆದುಹೋದದ್ದು ಯಾವ ಕಾರ್ಡೋ, ಅದು ಮಾತ್ರ ಯಾರಲ್ಲೂ ಇರಲಿಲ್ಲ. ಆಡದೆಯೇ ಸೋಲು.

ಒಗಾಕಿ ಅಕ್ಕ ಫೋನಿನಲ್ಲಿ ಕೂಗಾಡುತ್ತಿದ್ದಳು. "ಊರಿಗೆಲ್ಲ ಎಣಿಸು ಎಣಿಸು ಅಂತ ಪಾಠ ಹೇಳೋ ಮನುಷ್ಯ. ಬೀಳಿಸ್ಕೊಂಡನಂತೆ."

ಮೇಷ್ಟ್ರು ಬೇರೆ ರೈಲು ಹತ್ತಿದ್ದಾರೆ. ಅಭಿನಂದನೆ ಎಂದು ಮೆಸೇಜ್ ಮಾತ್ರ.

ಫೆಬ್ರವರಿ 16, ಬೆಳಿಗ್ಗೆ

ಮೂರು ದಿನ ಡಬ್ಬಿಯನ್ನು ಮುಟ್ಟಿರಲಿಲ್ಲ. ಇವತ್ತು ಸ್ಲೀವ್ ಬಿಚ್ಚಲು ಕೂತೆ.

ಮುದುಕಿ ನನ್ನ ಡೆಕ್ಕಿನಲ್ಲಿದ್ದಾಳೆ.

ಅದೇ ನೀಲಿ ಅಂಗಿ, ಅದೇ ಹಕ್ಕಿ. ನನ್ನ ಕಾರ್ಡುಗಳ ನಡುವೆ ಗೊತ್ತೇ ಆಗದಂತೆ. ಬಲ ಮೂಲೆಯಲ್ಲಿ ಅವರ ಉಗುರಿನ ಗುರುತು — ಯೋಚಿಸುವಾಗ ಒತ್ತುತ್ತಾರೆ.

ಬಾಚಿಕೊಂಡು ಓಡಿದೆನಲ್ಲ. ಎಣಿಸಲಿಲ್ಲ. ಎಂಟು ವರ್ಷದಲ್ಲಿ ಅದೊಂದೇ ದಿನ ಎಣಿಸಲಿಲ್ಲ. ಕೊನೆಯ ರೌಂಡನ್ನು ಅರವತ್ತೊಂದು ಕಾರ್ಡಿನಲ್ಲಿ ಆಡಿದ್ದೇನೆ. ಅವಳು ಕೈಗೆ ಬರಲಿಲ್ಲ, ಎದುರಾಳಿ ಎಣಿಸಲಿಲ್ಲ.

ಅವರು ಎಣಿಸಿದ್ದರು. ಕಾರ್ಡು ಎಲ್ಲಿದೆ ಎಂದೂ ಗೊತ್ತಿತ್ತು.

ಆಟ ಶುರುವಾಗುವ ಮುಂಚೆ ಹಿಂದಿರುಗಿಸಿದ್ದರೆ ಇಬ್ಬರಿಗೂ ಏನೂ ಆಗುತ್ತಿರಲಿಲ್ಲ. ಶುರುವಾದ ಮೇಲಾದರೆ ಹೆಚ್ಚಿದ್ದವರಿಗೂ ಸೋಲು, ಕಡಿಮೆ ಇದ್ದದ್ದನ್ನು ತುಂಬಿಸಲಾಗದವರಿಗೂ ಸೋಲು. ಅದಕ್ಕೇ ಒಂದು ನಿಮಿಷ ಬಾ ಎಂದು ಕರೆದದ್ದು. ಅದಕ್ಕೇ ಆಮೇಲೆ ಬೀಳಿಸಿಕೊಂಡೆ ಎಂದದ್ದು.

ಬೆನ್ನು ತಟ್ಟಲು ಬಂದಿದ್ದಾರೆ ಎಂದುಕೊಂಡಿದ್ದೆ ನಾನು. ಕಾಲು ಮೇಲೆತ್ತಿ ಕೂತಿದ್ದೆ.

ಫೆಬ್ರವರಿ 17

ಫೋನ್ ಎತ್ತುತ್ತಿಲ್ಲ. ಅಂಗಡಿಗೆ ಹೋದೆ. ಮೇಷ್ಟ್ರು ನಿನ್ನೆಯೇ ಬಂದು ಎಲ್ಲ ಕಾರ್ಡುಗಳನ್ನೂ ಮಾರಿ ಹೋದರಂತೆ. ಪೆಟ್ಟಿಗೆಗಳು ಗಲ್ಲಾದ ಹಿಂದೆ ಸಾಲಾಗಿದ್ದವು.

ಒಗಾಕಿ ಅಕ್ಕನಿಗೆ ಎಲ್ಲ ಹೇಳಿದೆ. ಟಾಯ್ಲೆಟ್ಟಿನದೊಂದು ಬಿಟ್ಟು. ಅಕ್ಕ ಮುದುಕಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ನಂದೇ ತಪ್ಪು ಬಿಡು. ಇಬ್ರಿಗೂ ಒಂದೇ ಸ್ಲೀವ್ ಕೊಟ್ಟಿದ್ದು ನಾನು."

"ಪಂದ್ಯ ನಡೆಸೋರಿಗೆ ಬರೀತೀನಿ ಅಕ್ಕ. ನನ್ನ ಸೀಟ್ ತೆಗೀಲಿ."

"ಬರಿ. ಆದ್ರೆ ಅವನ ಸೀಟ್ ವಾಪಸ್ ಬರುತ್ತೆ ಅಂದ್ಕೋಬೇಡ."

ಬರೆದು ಕಳಿಸಿದೆ.

ಫೆಬ್ರವರಿ 28

ಉತ್ತರ ಬಂತು. ಪ್ರಕಟವಾದ ಫಲಿತಾಂಶವನ್ನು ಬದಲಿಸುವುದಿಲ್ಲ. ತಿಳಿಸಿದ್ದಕ್ಕೆ ಧನ್ಯವಾದ. ಮುಂದೆ ಎಚ್ಚರವಿರಲಿ.

ಅಷ್ಟೇ. ಶಿಕ್ಷೆ ಕೊಟ್ಟಿದ್ದರೆ ಒಂದಿಷ್ಟು ಹಗುರಾಗುತ್ತಿದ್ದೆ.

ಮಾರ್ಚ್ 21, ಸಕಾಯಿಯಿಂದ ಬಂದು

ರಸ್ತೆಯ ತಿರುವಿನಲ್ಲೇ ಪಾಚಿ ನೆನೆಸುವ ವಿನೆಗರ್ ವಾಸನೆ. ಒಳಗೆ ಚಾಪೆಯ ಮೇಲೆ ಮೇಷ್ಟ್ರು, ತಲೆಗೆ ಬಿಳಿ ಬಟ್ಟೆ. ಉದ್ದ ಎಲೆಯಂಥ ಪಾಚಿಯ ಒಂದು ತುದಿ ಕಾಲಡಿ, ಇನ್ನೊಂದು ಎಡಗೈಯಲ್ಲಿ, ಬಲಗೈಯಲ್ಲಿ ಹರಿತವಾದ ಕತ್ತಿ. ಕಾಗದಕ್ಕಿಂತ ತೆಳ್ಳಗೆ ಹೆರೆಯಬೇಕಂತೆ. ಹೆಬ್ಬೆರಳಿಗೆ ಪಟ್ಟಿ ಕಟ್ಟಿತ್ತು. ಕಾರ್ಡು ಕಲಸಿದರೆ ನೀರು ಸುರಿದಂತೆ ಸದ್ದಾಗುತ್ತಿದ್ದ ಕೈ ಅದು.

"ನೋಡಿ ಭಾವ, ಯೊಕೊಹಾಮಾದೋರು ಬಂದ್ರು. ಎದ್ದು ನಿಲ್ಲಿ."

ಮೇಷ್ಟ್ರ ಮಾತಿಗೆ ಹೆಂಡತಿಯ ಅಣ್ಣ ನಕ್ಕು ಚಹಾ ತರಲು ಒಳಗೆ ಹೋದರು. ನಾನು ಮುದುಕಿಯನ್ನು ತೆಗೆದು ಮುಂದೆ ಹಿಡಿದೆ. ಮೇಷ್ಟ್ರು ಕೈ ಹಿಂದಕ್ಕೆಳೆದುಕೊಂಡರು.

"ಮುಟ್ಟಲ್ಲ ಕಣೇ. ಕೈಯೆಲ್ಲ ಹುಳಿ. ಕಾರ್ಡು ಹಾಳಾಗುತ್ತೆ."

"ಜಡ್ಜ್ ಹತ್ರ ಯಾಕೆ ಹೇಳ್ಲಿಲ್ಲ ಮೇಷ್ಟ್ರೇ?"

"ಅಷ್ಟೊತ್ತಿಗೆ ನಿಂದೂ ಆಟ ಶುರುವಾಗಿತ್ತಲ್ಲ. ನಾನು ಹೊಳೆಗೆ ಬಿದ್ದೆ ಅಂತ ನಿನ್ನೂ ಎಳ್ಕೊಂಡು ಬೀಳ್ಬೇಕಾಗಿತ್ತಾ?"

"ಅದಕ್ಕೂ ಮುಂಚೆ..."

"ಹುಡುಕಿದೆ. ನೀನು ಗಾಳಿಗೆ ಅಂತ ಹೊರಗೆ ಹೋಗಿದ್ದೆ ಅನ್ಸುತ್ತೆ. ಅಲ್ವಾ?"

ನನ್ನ ಮುಖ ನೋಡುತ್ತಿರಲಿಲ್ಲ. ಕತ್ತಿಯ ಅಲಗು ಒರೆಸುತ್ತಿದ್ದರು.

"ಹೌದು. ಹೊರಗೆ ಹೋಗಿದ್ದೆ."

"ಅದೇ ಮತ್ತೆ. ಹಾಗಾದ್ಮೇಲೆ ಯಾರೇನು ಮಾಡೋಕಾಗುತ್ತೆ."

ಚಹಾ ಬಂತು. ಬೇರೆ ಮಾತು. ಏಳುವಾಗ ಮತ್ತೆ ಕಾರ್ಡು ಕೊಡಲು ಹೋದೆ.

"ನಿನ್ ಹತ್ರಾನೇ ಇರ್ಲಿ. ಡೆಕ್ಕೇ ಇಲ್ಲದ ಮನೇಲಿ ಮುದುಕಿ ಒಬ್ಳೇ ಏನ್ ಮಾಡ್ತಾಳೆ."

ಒಂದು ಪೊಟ್ಟಣ ಪಾಚಿ ಕೊಟ್ಟರು. ದಪ್ಪ ಬಂದಿದೆ, ಮಾರೋಕಾಗಲ್ಲ, ಸಾರಿಗೆ ಹಾಕ್ಕೋ ಎಂದರು. ರೈಲಿನಲ್ಲಿ ಪೂರ್ತಿ ಅದರದೇ ವಾಸನೆ. ಸುಳ್ಳು ಹೇಳಿ ಬಂದವಳ ಮಡಿಲಲ್ಲಿ ಉಡುಗೊರೆ.

ಮೇ 6

ಪಾಚಿ ಮುಗಿಯಿತು. ಪೊಟ್ಟಣ ಎಸೆಯಲಿಲ್ಲ.

ಜೂನ್ 19

ಅಭ್ಯಾಸಕ್ಕೆ ಜೊತೆಯಿಲ್ಲ. ಎರಡೂ ಕಡೆ ನಾನೇ ಕೂತು ಆಡುತ್ತೇನೆ. ಈ ಕೈ ನನ್ನದು, ಆ ಕೈ ಎದುರಾಳಿಯದು. ಆ ಕೈಗೆ ಬಾಯಿಲ್ಲ, ಅದೇ ತೊಂದರೆ. ತಪ್ಪು ಆಡಿದರೆ ಮೇಷ್ಟ್ರ ಹಾಗೆ ಗಂಟಲು ಸರಿಮಾಡಿಕೊಳ್ಳುವುದಿಲ್ಲ, "ಹೂಂ, ಶ್ರೀಮಂತರ ಆಟ" ಎಂದು ಕುಟುಕುವುದಿಲ್ಲ. ಇಡೀ ದಿನ ಆಡಿದೆ. ಗೆದ್ದವಳೂ ನಾನೇ, ಸೋತವಳೂ ನಾನೇ. ಇದಕ್ಕಿಂತ ಬೇಸರದ ಕೆಲಸ ಲೋಕದಲ್ಲಿಲ್ಲ.

ಒಗಾಕಿ ಅಕ್ಕ ನನಗೆ ಬೇರೆ ಸ್ಲೀವ್ ಮಾಡಿಸಿದ್ದಾಳೆ. ಹಸಿರು. ಈಗ ಯಾಕೆ ಎಂದು ಕೇಳಲಿಲ್ಲ.

ಆಗಸ್ಟ್ 9

ನಿಜ ಹೇಳದೆ ಯೊಕೊಹಾಮಾಕ್ಕೆ ಹೋಗಬಾರದು ಎನ್ನಿಸಿತು. ಸಕಾಯಿಗೆ ಫೋನ್ ಮಾಡಿದೆ. ಎತ್ತಿದವರು ಮೇಷ್ಟ್ರ ಹೆಂಡತಿ ಸುಮಿಯೆ.

"ಅವರು ಬಂದರಿಗೆ ಹೋಗಿದಾರಮ್ಮ, ಸರಕು ತರೋಕೆ. ನೀನು ಟಿವೀಲಿ ಬರ್ತೀಯಂತಲ್ಲ? ಫೋನಲ್ಲಿ ನೋಡ್ಬೇಕು ಅಂತ ಆಗ್ಲೇ ರಜ ಕೇಳಿದಾರೆ. ಹೆಬ್ಬೆರಳು ನೋವು ಅಂತ ನೆಪ."

ಇವರಿಗೇ ಹೇಳಿಬಿಡೋಣ ಎಂದು ಬಾಯಿ ತೆರೆದೆ.

"ಅಕ್ಕ, ಅವತ್ತು ನಗೋಯಾದಲ್ಲಿ ಮೇಷ್ಟ್ರು ನನ್ನ ಕರೆದಾಗ—"

"ಗೊತ್ತಮ್ಮ. ಟಾಯ್ಲೆಟ್ಟಲ್ಲಿ ಅಳ್ತಾ ಇದ್ದೆಯಂತೆ, ಪಾಪ. ಮೂಗು ಸೀಟೋ ಸದ್ದು ಆಚೆಗೆ ಕೇಳಿಸ್ತಿತ್ತಂತೆ. ನಾನು ಬೈದೆ, ಬಾಗಿಲು ಬಡಿದು ಎಬ್ಬಿಸ್ಬೇಕಿತ್ತು ಅಂತ. ಅಳೋ ಮಗೂನ ಎಬ್ಬಿಸಿ ಕಾರ್ಡು ಕೇಳೋದಾ ಅಂದ್ರು. ಅವರ ಸ್ವಭಾವ ನಿಂಗೆ ಗೊತ್ತಲ್ಲ."

ಏನು ಹೇಳಿ ಫೋನ್ ಇಟ್ಟೆನೋ ನೆನಪಿಲ್ಲ.

ಗೊತ್ತಿತ್ತು. ನಾನು ಒಳಗಿದ್ದದ್ದು ಗೊತ್ತಿತ್ತು. ಗಾಳಿಗೆ ಹೊರಗೆ ಹೋಗಿದ್ದೆ ಅಲ್ವಾ ಎಂದು ತಾವೇ ನೆಪ ಕಟ್ಟಿ ಕೈಗೆ ಕೊಟ್ಟರು. ನಾನು ಹೌದು ಎಂದು ತೆಗೆದುಕೊಂಡೆ. ಆಮೇಲೆ ಚಹಾ ಕುಡಿದೆ.

ಆಗಸ್ಟ್ 12, ಯೊಕೊಹಾಮಾ, ಮೂರನೇ ರೌಂಡ್ ಆದ ಮೇಲೆ

ಮತ್ತೆ ಟಾಯ್ಲೆಟ್ಟು. ಇಲ್ಲಿ ಬಾಗಿಲು ಹಳದಿ.

ಎರಡು ಗೆಲುವು, ಒಂದು ಸೋಲು. ಈಗಷ್ಟೇ ಸೋತದ್ದು. ತೈವಾನ್‌ನ ಹೆಂಗಸು, ನಗುಮುಖ. ಸೋತ ಮೇಲೂ ಕೂತು ಎಣಿಸಿದೆ. ಅರವತ್ತು. ಮುದುಕಿ ಡೆಕ್ಕಿನಲ್ಲಿಲ್ಲ, ಅಂಗಿಯ ಜೇಬಿನಲ್ಲಿದ್ದಾಳೆ. ಅವಳನ್ನು ಆಡಿಸುವ ಯೋಗ್ಯತೆ ನನಗಿಲ್ಲ.

ಅವರು ಫೋನಿನಲ್ಲಿ ನೋಡುತ್ತಿರುತ್ತಾರೆ. ಮೂರನೇ ಸರದಿಯಲ್ಲಿ ಅವಸರ ಮಾಡಿದೆ, ಅಲ್ಲಿಂದಲೇ ಗಂಟಲು ಸರಿಮಾಡಿಕೊಂಡಿರುತ್ತಾರೆ. ಸಂಜೆ ಫೋನ್ ಮಾಡಬೇಕು. ಆಟದ ಮಾತು ಆಮೇಲೆ. ಮೊದಲು ಇಷ್ಟು — ಹೊರಗೆ ಹೋಗಿರಲಿಲ್ಲ ಮೇಷ್ಟ್ರೇ, ಒಳಗೇ ಇದ್ದೆ, ನೀವು ಕರೆದದ್ದು ಕೇಳಿಸಿತ್ತು. ಅವರಿಗೆ ಗೊತ್ತಿದ್ದರೂ ನನ್ನ ಬಾಯಿಂದ ಹೇಳಬೇಕು. ಅವರು 'ಸರಿ ಬಿಡು' ಅನ್ನುತ್ತಾರೆ. ಅಂದರೂ ಬಿಡಬಾರದು. ಸೀಟು ಹಿಂದಿರುಗಿಸಲಾಗುವುದಿಲ್ಲ, ಅವರ ಕೈಗೆ ಹತ್ತಿದ ವಿನೆಗರ್ ವಾಸನೆ ತೊಳೆಯಲಾಗುವುದಿಲ್ಲ. ಮಾತಾದರೂ

ಹೊರಗೆ ಯಾರೋ ಹೆಸರು ಕರೆಯುತ್ತಿದ್ದಾರೆ. ಹೆಂಗಸಿನ ಧ್ವನಿ, ಗುರುತಿಲ್ಲ. "ತೋಕಿವಾ ಅವರೇ, ಒಳಗಿದೀರಾ?"

ಕಾಲು ತಾನಾಗಿಯೇ ಮೇಲೆ ಹೋಯಿತು. ಇಳಿಸಿದೆ.

ಇದೀನಿ, ಬಂದೆ ಎಂದು ಜೋರಾಗಿ ಹೇಳಿದೆ. ಅವತ್ತು ಬೇಕಾಗಿದ್ದದ್ದೂ ಇಷ್ಟೇ. ಬಾಗಿಲು ತೆಗೆಯುತ್ತಿದ್ದೇನೆ.